ಏಳು ಗಂಟೆಯ ನಿಯಮ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಏಳಕ್ಕೆ ಗಂಟೆ ಬಾರಿಸಿದೆ. ರಾತ್ರಿ ತಂಗಿದ್ದವರೆಲ್ಲ ಹೊರಟರು. ಹೊದಿಕೆ ಮಡಿಸಿದ್ದು ನೋಡಿದೆ, ನಲ್ಲಿ ನಿಲ್ಲಿಸಿದ್ದು ನೋಡಿದೆ. ಕಿಟಕಿ ಮೇಲೆ ಲೋಟದಲ್ಲಿ ಒಂದು ಹಲ್ಲುಸೆಟ್ಟು. ಒಬ್ಬಂಟಿಯಾಗಿ ನಗುತ್ತಿತ್ತು. ಎತ್ತಿಟ್ಟಿದ್ದೇನೆ. ಸಂಜೆ ಆರಕ್ಕೆ ಯಾರು ಬಾಯಿ ಮುಚ್ಚಿಕೊಂಡು ಬರುತ್ತಾರೋ ಅವರದು.

ಬಚ್ಚಲಿಗೆ ಹೊಸ ನೋಟೀಸು ಅಂಟಿಸಿದೆ:

ಒರೆಸಿದ ಮೇಲೆ ಒಣಹಾಕಿ,
ಒದ್ದೆ ಟವೆಲಿಗೆ ವಾಸನೆ ಬಾಕಿ.

ಓದಿದವರು ಇಬ್ಬರು. ಒಣಹಾಕಿದವರು ಸೊನ್ನೆ. ಸಾಹಿತ್ಯದ ಪ್ರಭಾವ ಇಷ್ಟೇ.

ಕೊನೆಗೆ ಹೊರಟವರು ಆಪರೇಟರ್. ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಟಾಕೀಸು ಮುಚ್ಚಿತು, ಹೆಂಡತಿ ತೀರಿಕೊಂಡರು, ಬಾಡಿಗೆ ಕೋಣೆ ಕೈಬಿಟ್ಟಿತು. ಉಳಿದದ್ದು ಆ ಹೆಸರು. ಬಲಗಾಲು ಎಳೆಯುತ್ತಾ ಮೆಟ್ಟಿಲು ಇಳಿದರು. ಏನಾಯಿತು ಅಂದರೆ, ಏನಿಲ್ಲ ಮೇಡಂ, ಇಂಟರ್‌ವಲ್ ತನಕ ಓಡುತ್ತೆ ಅಂದರು.

ಬೀಗ ಹಾಕಿದೆ. ಹಾಲ್ ತುಂಬ ಖಾಲಿ ಮಂಚ. ಸಂಜೆಯವರೆಗೆ ಅವನ್ನು ಕಾಯುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದೇ. ಮಂಚಕ್ಕೆ ಕಾವಲು, ಮನುಷ್ಯನಿಗೆ ಬಯಲು. ಪ್ರಾಸ ಚೆನ್ನಾಗಿದೆ. ಅಂಟಿಸುವ ಹಾಗಿಲ್ಲ.

ಮಧ್ಯಾಹ್ನ

ಸಂಸ್ಥೆಯ ಅಧ್ಯಕ್ಷರ ಫೋನು. ಮನೆಯಿಲ್ಲದವರ ಈ ತಂಗುಮನೆಗೆ ಈ ವರ್ಷ ನಲವತ್ತು ತುಂಬುತ್ತದೆ. ಇತಿಹಾಸ ಬರೆಯಬೇಕಂತೆ, ಪುಸ್ತಕ ಮಾಡಿ ಹಂಚುತ್ತಾರಂತೆ. ನೀವು ಸಾಹಿತ್ಯ ಓದಿದವರು, ಪ್ರಾಸ ಗೀಸ ಎಲ್ಲ ಬರುತ್ತೆ, ನೀವೇ ಬರೀರಿ ಅಂದರು. ಗೀಸ ಅಂದರೆ ಏನೆಂದು ಕೇಳಲಿಲ್ಲ. ಅಡುಗೆಯವಳು ರಜೆ, ಪಂಪು ಕೆಟ್ಟಿದೆ, ಈಗ ಇತಿಹಾಸ ಬೇರೆ.

ಮಾರ್ಚ್ 5, ಬುಧವಾರ

ಇತಿಹಾಸ ಶುರು. ಎಲ್ಲರಿಗೂ ಗೊತ್ತಿರುವ ಕಥೆಯೇ. ಒಬ್ಬ ಮೇಷ್ಟ್ರು. ಶಾಲೆಯ ಜಗಲಿಯ ಮೇಲೆ ಮಲಗುತ್ತಿದ್ದವರನ್ನು ನೋಡಿ ನಿದ್ದೆ ಬಾರದೆ, ಪರಿಚಯದ ಟೈಲರ್ ಒಬ್ಬರ ಕೈಕಾಲು ಹಿಡಿದು ಒಂದು ಹಾಲ್ ಸಂಪಾದಿಸಿದರು. ರಾತ್ರಿ ಜಾಗ, ಬೆಳಿಗ್ಗೆ ಟೀ, ಏಳಕ್ಕೆ ಗಂಟೆ. ಆಮೇಲೆ ಎಲ್ಲರೂ ಹೊರಗೆ. ಹೋಗುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಈಗ ನಮ್ಮ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿದೆ: ಹಗಲು ಹೊರಗಿದೆ. ಹೋಗಿ, ನಿಮ್ಮ ಪಾಲು ತನ್ನಿ.

ಆ ಮಾತು ಕೇಳಿ ಹೊರಗೆ ಹೋಗಿ ನಿಜವಾಗಿಯೂ ಪಾಲು ತಂದವರು ಒಬ್ಬರಿದ್ದಾರೆ. ನಮ್ಮ ಅಧ್ಯಕ್ಷರು. ಇಪ್ಪತ್ತರ ವಯಸ್ಸಿನಲ್ಲಿ ಆ ಹಾಲಿನ ನೆಲದ ಮೇಲೆ ಮಲಗಿದ್ದವರು. ಈಗ ಊರಿನ ಅರ್ಧ ಮನೆಗಳ ಬಾಗಿಲಿಗೆ ಚಿಲಕ ಅವರ ಹಾರ್ಡ್‌ವೇರ್ ಅಂಗಡಿಯದು. ಮೇಷ್ಟ್ರು ಹೋದಮೇಲೆ ಸಂಸ್ಥೆ ಹೊತ್ತವರು ಅವರೇ. ಒಳ್ಳೆಯ ಮನುಷ್ಯ. ಬೈಯಲೂ ಬರುವುದಿಲ್ಲ, ಬಗ್ಗಲೂ ಬರುವುದಿಲ್ಲ.

ನಿಯಮವನ್ನು ಪ್ರಾಸದಲ್ಲಿ ಹಾಕಿ ಪುಸ್ತಕದ ಮೊದಲ ಪುಟಕ್ಕೆ ಕೊಡಿ ಅಂದಿದ್ದಾರೆ. ಸಂಜೆಯವರೆಗೆ ಕೂತೆ. ಟವೆಲಿಗೆ ಬರುವ ಪ್ರಾಸ ಇದಕ್ಕೆ ಬರಲಿಲ್ಲ.

ಮಾರ್ಚ್ 8, ಶನಿವಾರ. ಸಂಜೆ

ಆಪರೇಟರ್ ಹಗಲೆಲ್ಲ ಎಲ್ಲಿರುತ್ತಾರೆ ಎಂಬುದು ಇವತ್ತು ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ. ರೋಗಿಯಾಗಿ ಅಲ್ಲ, ಬೆಂಚಿಗಾಗಿ. ಸುಮ್ಮನೆ ಕೂತರೆ ವಾಚ್‌ಮನ್ ಎಬ್ಬಿಸುತ್ತಾನೆ, ಕೈಯಲ್ಲಿ ಚೀಟಿ ಇದ್ದರೆ ಎಬ್ಬಿಸುವ ಹಾಗಿಲ್ಲ. ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡು ಕೂರುವುದು, ನಂಬರು ಹತ್ತಿರ ಬಂದರೆ ಹಿಂದಿನವರಿಗೆ ಕೊಟ್ಟು ಹೊಸದು ತೆಗೆದುಕೊಳ್ಳುವುದು. ಸೋಮವಾರ ಕಿವಿ, ಮಂಗಳವಾರ ಕಣ್ಣು, ಬುಧವಾರ ಹಲ್ಲು. ಹೆರಿಗೆ ವಿಭಾಗ ಒಂದು ಬಿಟ್ಟು ಎಲ್ಲ ಆಗಿದೆ ಅಂದರು.

ಇವತ್ತು ನಿದ್ದೆ ಬಂದುಬಿಟ್ಟಿದೆ. ನಂಬರು ಕೂಗಿದ್ದಾರೆ, ಪಕ್ಕದವರು ಪಾಪ ಎಂದು ಎಬ್ಬಿಸಿ ಒಳಗೆ ನೂಕಿದ್ದಾರೆ. ಸರ್ಜರಿ ಡಾಕ್ಟರು. ಏನು ತೊಂದರೆ ಅಂದರೆ ಏನೂ ಇಲ್ಲ ಸರ್ ಅಂದರಂತೆ. ಏನೂ ಇಲ್ಲದವನು ಸರ್ಜರಿಗೆ ಯಾಕೆ ಬಂದೆ ಅಂತ ಡಾಕ್ಟರು ರೇಗಿ, ಎದ್ದು ಹೋಗುವಾಗ ಕಾಲು ಎಳೆದದ್ದು ನೋಡಿ, ಪ್ಯಾಂಟು ಮೇಲೆತ್ತಿಸಿದ್ದಾರೆ. ಪಾದದ ಗಂಟಿನ ಮೇಲೆ ಹುಣ್ಣು. ಅಂಗೈಯಷ್ಟಗಲ. ಸುತ್ತ ಕಪ್ಪು.

ಬ್ಯಾಂಡೇಜು ಕಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಮಂಚ ಖಾಲಿ ಇಲ್ಲ, ಸೇರಿಸಿಕೊಳ್ಳುವುದಿಲ್ಲವಂತೆ. ಹಗಲೂ ರಾತ್ರಿ ಕಾಲು ಎತ್ತರದಲ್ಲಿಟ್ಟು ಮಲಗಬೇಕು, ಇಲ್ಲದಿದ್ದರೆ ಪಾದ ತೆಗೆಯಬೇಕಾಗುತ್ತದೆ. ರಾತ್ರಿಯ ಭಾಗ ನಾನು ಕೊಡಬಲ್ಲೆ. ಹಗಲು... ಹೊರಗಿದೆ.

ಆಪರೇಟರಿಗೆ ಬೇಸರ ಕಾಲಿನದಲ್ಲ. “ಇನ್ಮೇಲೆ ಅಲ್ಲಿ ಟೋಕನ್ ಕೊಡಲ್ಲ ಮೇಡಂ. ಮುಖ ಗುರುತು ಹಿಡಿದ್ಬಿಟ್ರು.”

ಮಾರ್ಚ್ 9, ಭಾನುವಾರ

ಮನೆ. ಅತ್ತೆಗೂ ಕಾಲುನೋವು. ಕಿಟಕಿ ಪಕ್ಕದ ಕುರ್ಚಿಯಲ್ಲಿ ದಿನವಿಡೀ ಕೂತು, ನನ್ನನ್ನ ಕೂಡಿ ಹಾಕಿದ್ದೀರ, ಬೀದಿ ಕೊನೆವರೆಗಾದರೂ ಬಿಡಿ ಅಂತ ಬೆಳಗಿನಿಂದ ಜಗಳ. ಅಲ್ಲಿ ಒಳಗೆ ಬಿಡಿ ಅನ್ನುವ ಗೋಳು, ಇಲ್ಲಿ ಹೊರಗೆ ಬಿಡಿ ಅನ್ನುವ ಗೋಳು. ಇಬ್ಬರನ್ನೂ ಅದಲು ಬದಲು ಮಾಡಿಬಿಡು ಅಂದರು ಇವರು. ಪಂಪು ರಿಪೇರಿ ಮಾಡುವ ಗಂಡ, ಎಲ್ಲ ಸಮಸ್ಯೆಯನ್ನೂ ಪೈಪಿನ ಹಾಗೆ ನೋಡುತ್ತಾರೆ.

ಮಾರ್ಚ್ 11, ಮಂಗಳವಾರ

ಅಧ್ಯಕ್ಷರನ್ನು ಕೇಳಿದೆ. ಒಬ್ಬರಿಗೆ ಮಾತ್ರ, ಹುಣ್ಣು ಒಣಗುವವರೆಗೆ, ನಾನು ಹೇಗೂ ಇಲ್ಲೇ ಇರುತ್ತೇನೆ. ಗಮನವಿಟ್ಟು ಕೇಳಿದರು. ಆಮೇಲೆ ಇಲ್ಲ, ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತೆ ಅಂದರು. ಹಗಲಲ್ಲಿ ಮಲಗಲು ಬಿಟ್ಟರೆ ಮನುಷ್ಯ ಏಳುವುದಿಲ್ಲ, ಏಳು ಗಂಟೆಗೆ ಮೇಷ್ಟ್ರು ಎಬ್ಬಿಸದಿದ್ದರೆ ನಾನು ಇವತ್ತೂ ಅದೇ ನೆಲದ ಮೇಲಿರುತ್ತಿದ್ದೆ ಅಂದರು. ಸುಳ್ಳು ಹೇಳುವ ಮುಖವಲ್ಲ. ಅದಕ್ಕೇ ಕಷ್ಟ. ಆಪರೇಟರಿಗೆ ಒಳ್ಳೆಯ ಊರುಗೋಲು ಕಳಿಸಿದ್ದಾರೆ. ಅಂಗಡಿಯ ಬಿಲ್ಲು ಅಂಟಿಸಿಯೇ ಇದೆ, ಮೇಲೆ “ಉಚಿತ” ಎಂದು ಸೀಲು.

ಸ್ಟೋರ್ ರೂಮಿನಲ್ಲಿ ಗುಟ್ಟಾಗಿ ಮಲಗಿ ಅಂದೆ ಆಪರೇಟರಿಗೆ. ಒಪ್ಪಲಿಲ್ಲ. “ಕದ್ದು ಸಿನಿಮಾ ನೋಡ್ಬಹುದು, ಕದ್ದು ಮಲಗೋಕಾಗಲ್ಲ ಮೇಡಂ. ನಿದ್ದೆ ಬರಲ್ಲ.”

ಈಗ ಅವರು ಪಾರ್ಕಿನ ಕಲ್ಲುಬೆಂಚಿನಲ್ಲಿ. ಕಾಲು ಮೇಲಿಟ್ಟರೆ ಮಾಲಿ ಬಂದು ಇಳಿಸು ಅನ್ನುತ್ತಾನಂತೆ.

ಮಾರ್ಚ್ 14, ಶುಕ್ರವಾರ. ಸಂಜೆ

ಇತಿಹಾಸದ ಸಲುವಾಗಿ ಹಳೆಯ ಟೈಲರ್ ತಾತನ ಮನೆ ಹುಡುಕಿಕೊಂಡು ಹೋದೆ. ಮಗಳ ಮನೆಯ ಮುಂದಿನ ಕೋಣೆ, ಒಂದು ಮಷೀನು, ಎಂಬತ್ತರ ಹತ್ತಿರದ ವಯಸ್ಸು. ಈಗಲೂ ದಿಂಬಿನ ಚೀಲ ಹೊಲಿಯುತ್ತಾರೆ. ನನ್ನನ್ನು ಅಳತೆ ಕೊಡಲು ಬಂದವಳು ಅಂದುಕೊಂಡು ಟೇಪು ತೆಗೆದರು. ಅಲ್ಲ ತಾತ, ನಿಮ್ಮ ಅಳತೆ ತೆಗೆದುಕೊಳ್ಳಲು ಬಂದೆ ಅಂದೆ. ಕಿವಿ ಮಂದ, ಜೋಕು ವ್ಯರ್ಥ.

ಮೇಷ್ಟ್ರ ಬಗ್ಗೆ ಕೇಳಿದೆ. ಹಾಲ್ ಬಗ್ಗೆ ಕೇಳಿದೆ. ಬಾಡಿಗೆ ತೆಗೆದುಕೊಳ್ಳಲಿಲ್ಲ, ಒಂದೇ ಷರತ್ತು ಹಾಕಿದ್ದೆ ಅಂದರು. ಯಾವುದು? ಹೊಲಿಗೆ ಕ್ಲಾಸು. ಅವರ ಮಾತು ಇದ್ದ ಹಾಗೇ ಬರೆಯುತ್ತೇನೆ.

“ಎಂಟು ಗಂಟೆಗೆ ಹೊಲಿಗೆ ಕಲಿಯೋ ಹೆಣ್ಮಕ್ಕಳು ಬರ್ತಿದ್ರಮ್ಮ. ಅಷ್ಟರೊಳಗೆ ಜಾಗ ಖಾಲಿ ಮಾಡಿ, ಗುಡಿಸಿ, ಮಷೀನು ಜೋಡಿಸ್ಬೇಕು. ಮೇಷ್ಟ್ರಿಗೆ ಅಂದೆ, ಏಳಕ್ಕೇ ಕಳಿಸ್ಬಿಡಿ ಅಂತ. ಅವ್ರಿಗೆ ಸಂಕೋಚ. ಎಲ್ಲ ಕಡೆಯಿಂದ ಎಬ್ಬಿಸ್ಕೊಂಡು ಬಂದವರು, ಇಲ್ಲೂ ‘ಜಾಗ ಬೇರೆಯವರದು, ಏಳಿ’ ಅಂತ ಹೇಗೆ ಹೇಳ್ಲಿ ಅಂದ್ರು. ಮಾರನೇ ದಿನ ನೋಡಿದ್ರೆ, ಬಾಗಿಲಲ್ಲಿ ನಿಂತು ಭಾಷಣ. ಹಗಲು ಹೊರಗಿದೆ ಅಂತೆ. ಅಷ್ಟು ಚೆನ್ನಾಗಿ ಹೇಳಿದ್ರು, ಕೇಳಿ ನಾನೇ ಎದ್ದು ಹೊರಟ್ಬಿಟ್ಟಿದ್ದೆ.”

ಸ್ವಂತ ಕಟ್ಟಡ ಆದಮೇಲೆ ಯಾಕೆ ನಿಲ್ಲಿಸಲಿಲ್ಲ ಅಂದೆ. ನಿಲ್ಲಿಸಬೇಕು ಅಂತಲೇ ಇದ್ದರಂತೆ. ಆದರೆ ಗೃಹಪ್ರವೇಶದ ದಿನ ಹೋಗಿ ನೋಡಿದರೆ, ಹುಡುಗರು ಪ್ರೀತಿಯಿಂದ ಗೋಡೆಯ ಮೇಲೆ ಬರೆಸಿಬಿಟ್ಟಿದ್ದರು. ಒಳ್ಳೆಯ ಪೇಂಟು. ಮೇಷ್ಟ್ರು ಮತ್ತೆ ಸಂಕೋಚಪಟ್ಟುಕೊಂಡರು.

ಬಸ್ಸಿನಲ್ಲಿ ನಗು ಬಂತು. ಇಳಿಯುವ ಹೊತ್ತಿಗೆ ಹೋಯಿತು. ನಲವತ್ತು ವರ್ಷ. ಎಷ್ಟು ಜನರನ್ನು ಏಳಕ್ಕೆ ಹೊರಗೆ ಹಾಕಿದ್ದೇವೆ. ಎಂದೋ ಮುಚ್ಚಿಹೋದ ಹೊಲಿಗೆ ಕ್ಲಾಸಿಗೆ ಜಾಗ ಬಿಡಲು.

ಮಾರ್ಚ್ 15, ಶನಿವಾರ. ಮಧ್ಯಾಹ್ನ

ಅಧ್ಯಕ್ಷರ ಅಂಗಡಿಗೆ ಹೋದೆ. ಮೊಳೆ ತೂಗುತ್ತಿದ್ದರು. ಹೇಳಿದೆ. ಎಲ್ಲವನ್ನೂ, ಟೈಲರ್ ತಾತ ಹೇಳಿದ ಹಾಗೆಯೇ. ಇನ್ನೇನು, ನಿಯಮಕ್ಕೆ ಬುಡವೇ ಇಲ್ಲ, ಆಪರೇಟರ್ ಸೋಮವಾರದಿಂದ ಒಳಗೆ ಅಂದುಕೊಂಡು ಹೋಗಿದ್ದೆ. ಮಾತು ಮುಗಿಯುವ ಹೊತ್ತಿಗೆ ತಕ್ಕಡಿಯ ಮೇಲೆ ಮೊಳೆ ಹಾಗೇ ಇತ್ತು, ಗಿರಾಕಿ ಕಾಯುತ್ತಿದ್ದ, ಅವರು ತಮ್ಮ ತೋಳು ನೋಡಿಕೊಳ್ಳುತ್ತಿದ್ದರು.

“ಕಂಬಳಿಗೆ ದಾರ ಅಂಟಿರ್ತಿತ್ತು,” ಅಂದರು. “ಕೆಂಪು, ಹಳದಿ, ಸಣ್ಣ ಸಣ್ಣ ತುಂಡು. ದಿನಾ ಬೆಳಿಗ್ಗೆ ಕಿತ್ತು ಹಾಕ್ತಿದ್ದೆ. ಎಲ್ಲಿಂದ ಬರುತ್ತೆ ಅಂತ ಒಂದು ದಿನಾನೂ ಕೇಳ್ಲಿಲ್ಲ ನೋಡಿ.”

ಗಿರಾಕಿಗೆ ಮೊಳೆ ಕಟ್ಟಿಕೊಟ್ಟರು. ಹೆಚ್ಚೇ ಹಾಕಿದರು.

“ಅದನ್ನ ಪುಸ್ತಕದಲ್ಲಿ ಹಾಕ್ಬೇಡಿ.”

“ಆಪರೇಟರ್ ಕಾಲು ಸರ್...”

“ಆ ಮಾತು ಹಿಡ್ಕೊಂಡೇ ನಾನು ಇಲ್ಲಿ ತನಕ ಬಂದೆ ಕಣಮ್ಮ.”

ಇಷ್ಟು ವರ್ಷ ಮೇಡಂ ಅನ್ನುತ್ತಿದ್ದವರು ಅಮ್ಮ ಅಂದರು. ನಾನು ಹೋದದ್ದು ಒಂದು ಪಾದ ಉಳಿಸಲು. ಬಂದದ್ದು ಇನ್ನೊಬ್ಬರ ಕಾಲ ಕೆಳಗಿನ ನೆಲ ಅಲುಗಿಸಿ. ಬುದ್ಧಿವಂತೆ.

ಮಾರ್ಚ್ 23, ಭಾನುವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಅದೇ ಆದದ್ದು. ಏಳಕ್ಕೆ ಗಂಟೆ, ಏಳೂ ಐದಕ್ಕೆ ಆಪರೇಟರ್ ಮೆಟ್ಟಿಲು, ನಾನು ಬೀಗ. ಹುಣ್ಣು ದೊಡ್ಡದಾಗಿದೆ. ಡ್ರೆಸಿಂಗ್ ಮಾಡುವ ಸಿಸ್ಟರ್ ನನ್ನ ಹತ್ತಿರ ಬೇರೆಯಾಗಿ ಹೇಳಿದರು: ಇನ್ನೊಂದು ಹತ್ತು ದಿನ ಹೀಗೇ ಓಡಾಡಿದರೆ ಡಾಕ್ಟರು ಕತ್ತರಿಸುವ ತಾರೀಕು ಕೊಡುತ್ತಾರೆ.

ಪುಸ್ತಕದಿಂದ ಹೊಲಿಗೆ ಮಷೀನು ಅಳಿಸಿದೆ. ಅಳಿಸಿದ ಜಾಗದಲ್ಲಿ “ಉದಾತ್ತ ಧ್ಯೇಯ” ಎಂದು ಹಾಕಿದೆ. ಎರಡೂ ಹೆಚ್ಚು ಕಡಿಮೆ ಒಂದೇ ಅಗಲ.

ಕೆಲಸ ಬಿಟ್ಟುಬಿಡಲಾ ಅಂದೆ ಇವರ ಹತ್ತಿರ. ಬಿಡು ಅಂದರು. ಆಮೇಲೆ, ಬಿಟ್ಟರೆ ಬೆಳಿಗ್ಗೆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಅಂತ ಕೇಳಿದರು. ಆ ಪ್ರಶ್ನೆ ಪೈಪಿನದಲ್ಲ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ

ಆರೂವರೆಗೇ ಅಧ್ಯಕ್ಷರು ಬಂದರು. ಮುಖ ನಿದ್ದೆಗೆಟ್ಟಿತ್ತು. ನನ್ನನ್ನು ನೋಡಲಿಲ್ಲ. ನೆಟ್ಟಗೆ ಆಪರೇಟರ್ ಮಂಚದ ಹತ್ತಿರ ಹೋಗಿ, ಸಂಸ್ಥೆಗೆ ಹಗಲು ಕಾವಲಿಗೆ ಒಬ್ಬರು ಬೇಕಾಗಿದ್ದಾರೆ, ನೀವು ಒಪ್ಪಿದರೆ ಉಪಕಾರ ಅಂತ ಕೇಳಿಕೊಂಡರು. ಕೈ ಮುಗಿಯುವುದೊಂದು ಬಾಕಿ. ಆಪರೇಟರ್ ಯೋಚಿಸಿದರು. ಏನನ್ನು ಕಾಯಬೇಕು? ಮಂಚಗಳನ್ನು. ಮೇಡಂ ಕಾಯುತ್ತಾರಲ್ಲ? ಮೇಡಂ ಪುಸ್ತಕ ಬರೆಯುತ್ತಿದ್ದಾರೆ. ಹಾಗಾದರೆ ಸರಿ.

ಒಂದು ಮಾತು ಮಾತ್ರ ಇದೆ ಅಂದರು ಅಧ್ಯಕ್ಷರು. ನಿಯಮ ನಿಯಮವೇ. ಏಳಕ್ಕೆ ಎಲ್ಲರ ಜೊತೆ ಮುಂಬಾಗಿಲಿಂದ ಹೊರಡಬೇಕು. ಆಮೇಲೆ ಹಿಂದಿನ ಅಡುಗೆಮನೆ ಬಾಗಿಲಿಂದ ಡ್ಯೂಟಿಗೆ ಬರಬೇಕು. ಹಗಲು ಹೊರಗಿದೆ, ಹೋಗಿ ಪಾಲು ತಂದಂತಾಯಿತು. ಪಾಲು ಒಳಗೇ ಇದೆ ಅನ್ನುವುದು ಬೇರೆ ವಿಷಯ.

ಹೋಗುವಾಗ ಬಾಗಿಲಲ್ಲಿ ನಿಂತು, ಸರಿಯಾಯ್ತಾ ಅಂದರು. ನೆಲ ನೋಡುತ್ತಾ. ಎಬ್ಬಿಸಲೂ ಸಂಕೋಚ, ಮಲಗಿಸಲೂ ಸಂಕೋಚ. ಮೇಷ್ಟ್ರ ಶಿಷ್ಯ ಹೌದು ಈ ಮನುಷ್ಯ.

ಮಾರ್ಚ್ 26, ಬುಧವಾರ

ಕೆಲಸ ಕೆಟ್ಟಿತು. ಕಾವಲುಗಾರ ಅಂದಮೇಲೆ ಕಾಯಬೇಕಲ್ಲ. ಆಪರೇಟರ್ ಕೂರುತ್ತಲೇ ಇಲ್ಲ. ಕೋಲು ಹಿಡಿದು ಮಂಚದ ಸಾಲಿನಲ್ಲಿ ರೌಂಡು ಹೊಡೆಯುತ್ತಾರೆ, ಕಿಟಕಿ ಚಿಲಕ ಎಳೆದು ನೋಡುತ್ತಾರೆ. ಪಾರ್ಕಿನಲ್ಲಿದ್ದಾಗ ಇಷ್ಟು ನಡೆಯುತ್ತಿರಲಿಲ್ಲ. ಸಿಸ್ಟರ್ ಬಂದು ನೋಡಿ, ಇದ್ಯಾವ ರೆಸ್ಟು ಅಂದರು. ನಾನು ಬೈದರೆ, “ಸುಮ್ನೆ ಕೂರೋಕೆ ಟೀ ಯಾಕೆ ಕೊಡ್ತೀರ ಮೇಡಂ” ಅಂತಾರೆ.

ಸಂಜೆ ಕೂತು, ಆಫೀಸು ಭಾಷೆಯಲ್ಲಿ ಆರ್ಡರು ಬರೆದೆ: ಹಗಲು ಕಾವಲುಗಾರರು ಮಂಚದ ಮೇಲೆ ಒರಗಿ, ಬಲಗಾಲನ್ನು ಮೂರು ದಿಂಬುಗಳ ಮೇಲೆ ಇರಿಸಿ, ಕದಲದೆ, ಮುಂಬಾಗಿಲನ್ನು ವೀಕ್ಷಿಸತಕ್ಕದ್ದು. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು. ಎರಡು ಸಲ ಓದಿದರು. ಸೀಲು ಹಾಕಿಸಿಕೊಂಡರು. ಮಲಗಿದರು.

ನಾನು ಬರೆದ ನೋಟೀಸುಗಳಲ್ಲಿ ಪ್ರಾಸವಿಲ್ಲದ್ದು ಇದೊಂದೇ. ಕೆಲಸ ಮಾಡಿದ್ದೂ ಇದೊಂದೇ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ

ಮೊನ್ನೆ ಸಿಸ್ಟರ್ ಬಂದಿದ್ದರು. ಹುಣ್ಣಿನ ಅಂಚು ಕೆಂಪಾಗಿದೆ, ಕೆಂಪು ಒಳ್ಳೆಯದಂತೆ. ಕತ್ತರಿಸುವ ಮಾತು ಸದ್ಯಕ್ಕೆ ಇಲ್ಲ. ಆದರೆ ಇನ್ನೂ ಎರಡು ತಿಂಗಳು ಮಲಗಬೇಕು. ಎರಡು ತಿಂಗಳು ಈ ನಾಟಕ ನಡೆಯಬೇಕು.

ಇವತ್ತು ಏಳೂ ಕಾಲಿಗೆ ಹಿಂಬಾಗಿಲು ಬಡಿದ ಸದ್ದು. ಆಪರೇಟರ್. ಅವರ ಹಿಂದೆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ ಮಾಮ. ಜ್ವರ, ಹಲ್ಲು ಕಟಕಟ.

“ಇವ್ರಿಗೂ ಒಂದು ಡ್ಯೂಟಿ ಬರ್ಕೊಡಿ ಮೇಡಂ,” ಅಂದರು ಆಪರೇಟರ್. ಕಾವಲುಗಾರರ ಶಿಫಾರಸು.

ನಿಂತುಕೊಂಡೆ. ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತೆ ಅಂದಿದ್ದರು ಅಧ್ಯಕ್ಷರು. ಇಬ್ಬರಾದರೆ ಅವರಿಗೆ ಗೊತ್ತಾಗುತ್ತದೆ. ಗೊತ್ತಾದರೆ ಆಪರೇಟರ್ ಕೂಡ ಹೊರಗೆ, ಆ ಪಾದದ ಸಮೇತ. ಹಮಾಲಿ ಮಾಮ ಬಾಗಿಲಿಗೆ ಒರಗಿ ಅಲ್ಲೇ ಕುಸಿಯುವ ಹಾಗಿದ್ದರು. ಬೇರೆ ದಾರಿ ಹೊಳೆಯಲಿಲ್ಲ.

ಬರೆದೆ: ದಿಂಬು ಪರೀಕ್ಷಕರು. ಪ್ರತಿ ದಿಂಬಿನ ಮೇಲೆ ತಲೆಯಿಟ್ಟು ಗುಣಮಟ್ಟ ಪರಿಶೀಲಿಸುವುದು. ಮೊದಲ ದಿಂಬಿನಲ್ಲೇ ನಿದ್ದೆಹೋದರು. ಪರೀಕ್ಷೆ ಮುಂದುವರಿದಿದೆ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಒಳಗೆ ಈಗ ನಾಲ್ಕು ಜನ. ನಿನ್ನೆ ಸೇರಿದವರು ಹೊದಿಕೆ ತಪಾಸಣೆ ಮತ್ತು ಫ್ಯಾನು ವೀಕ್ಷಣೆ. ಹುದ್ದೆ ಹುಟ್ಟಿಸುವುದರಲ್ಲಿ ಸರ್ಕಾರವನ್ನು ಮೀರಿಸಿದ್ದೇನೆ.

ಹನ್ನೆರಡು ಗಂಟೆಗೆ ಮುಂಬಾಗಿಲ ಬೀಗ ತೆಗೆದ ಸದ್ದು. ಇನ್ನೊಂದು ಕೀ ಇರುವುದು ಅಧ್ಯಕ್ಷರ ಹತ್ತಿರ ಮಾತ್ರ. ಪುಸ್ತಕದ ಮುಖಪುಟಕ್ಕೆ ಗೋಡೆಯ ಫೋಟೋ ತೆಗೆಸಲು ಬಂದಿದ್ದರು. ಬಾಗಿಲಲ್ಲೇ ನಿಂತರು. ನಾಲ್ಕು ಮಂಚದಲ್ಲಿ ನಾಲ್ಕು ಜನ. ಒಬ್ಬರಿಗೆ ಗೊರಕೆ.

ಎಲ್ಲರೂ ಡ್ಯೂಟಿ ಮೇಲಿದ್ದಾರೆ ಸರ್ ಅಂದೆ. ಆಪರೇಟರ್ ಏಳಲು ಹೋದರು, ಆರ್ಡರು ನೆನಪಾಗಿ ಕದಲದೆ ಮಲಗಿ, ಮಲಗಿದಲ್ಲಿಂದಲೇ ನಮಸ್ಕಾರ ಮಾಡಿದರು.

ಅಧ್ಯಕ್ಷರು ಸಾಲಿನ ಉದ್ದಕ್ಕೂ ನಡೆದರು. ಬ್ಯಾಂಡೇಜಿನ ಕಾಲು ನೋಡಿದರು, ಜ್ವರದ ಹಣೆ ಮುಟ್ಟಿ ನೋಡಿದರು. ಗೋಡೆಯ ಕಡೆ ನೋಡಲಿಲ್ಲ. ಕೊನೆಗೆ ಕಿಟಕಿಯ ಹತ್ತಿರದ ಖಾಲಿ ಮಂಚದ ಮೇಲೆ ಕೂತರು. ಹಗಲು ಹೊತ್ತಿನಲ್ಲಿ ಅವರು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಂಗಡಿಯಲ್ಲಿ ಅವರಿಗೆ ಕುರ್ಚಿಯೇ ಇಲ್ಲ.

“ಮಷೀನ್ ವಿಷಯ ಪುಸ್ತಕದಲ್ಲಿ ಇದ್ಯಾ?”

“ಅಳಿಸಿದ್ದೀನಿ ಸರ್.”

“ವಾಪಸ್ ಬರೀರಿ.” ಹೊದಿಕೆ ಸವರುತ್ತಾ, “ಅವ್ರಿಗೆ ಎಷ್ಟು ಸಂಕೋಚ ಆಗಿರ್ಬೇಕು, ಅಲ್ವಾ. ನಮ್ಮನ್ನ ಎಬ್ಬಿಸೋಕೆ.”

ಹೌದು ಸರ್ ಅಂದೆ. ಚಪ್ಪಲಿ ಬಿಟ್ಟು, ಐದು ನಿಮಿಷ ಅಂತ, ಸೂರು ನೋಡುತ್ತಾ ಒರಗಿದರು.

ಮೂರು ಗಂಟೆ

ಫೋಟೋದವನು ಬಂದ. ನಾಳೆ ಬಾ ಎಂದು ಕಳಿಸಿದೆ. ಅಂಗಡಿಯಿಂದ ಮೂರು ಸಲ ಫೋನು. ಎಬ್ಬಿಸಲೆಂದು ಹತ್ತಿರ ಹೋದೆ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಎದೆಯ ಮೇಲೆ, ಬೆರಳು ಹೊದಿಕೆಯಿಂದ ಏನನ್ನೋ ಕೀಳುವ ಹಾಗೆ. ಆಪರೇಟರ್ ತಮ್ಮ ಮಂಚದಿಂದಲೇ ತುಟಿಗೆ ಬೆರಳಿಟ್ಟರು.

“ಬೇಡ ಮೇಡಂ. ಇರ್ಲಿ ಬಿಡಿ.”

ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಎತ್ತಿ ಏನು ಹೇಳುವುದು? ಸಾಹೇಬರು ಇಲ್ಲಿ ಡ್ಯೂಟಿ ಮೇಲಿದ್ದಾರೆ.